ಒಂದೇ ಕೆಲಸ, ನಾಲ್ಕು ಬಿಲ್ಲು: ಡಿಸೈನ್‌ಗೆ ದರ ಹಚ್ಚುವ ಬಗೆಗಳ ಹೋಲಿಕೆ

"ಅಣ್ಣಾರ, ಫ್ಲೆಕ್ಸ್ ಅಂಗಡ್ಯಾಗ ಡಿಸೈನ್ ಸುಮ್ಮನ ಮಾಡಿ ಕೊಡ್ತಾರ್ರಿ. ನೀವ್ಯಾಕ ಬ್ಯಾರೆ ರೊಕ್ಕ ಕೇಳ್ತೀರಿ?"

ಕಲಬುರಗಿಯಲ್ಲಿ ಸ್ವಂತವಾಗಿ ಡಿಸೈನ್ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಪುಕ್ಕಟೆ ಅಲ್ಲ. ಕಂಪ್ಯೂಟರ್ ಮುಂದೆ ಕೂತ ಹುಡುಗನ ಪಗಾರ ಚದರ ಅಡಿಯ ರೇಟಿನೊಳಗೇ ಸೇರಿರುತ್ತದೆ. ಮಷಿನ್ ಇಲ್ಲದ ಡಿಸೈನರ್‌ಗೆ ಆ ಸೌಲಭ್ಯ ಇಲ್ಲ. ಹಾಗಾಗಿ ದರ ಹಚ್ಚುವ ಬಗೆಯನ್ನೇ ಸರಿಯಾಗಿ ಆರಿಸಿಕೊಳ್ಳಬೇಕು. ತಾಸಿನ ಲೆಕ್ಕ, ನಗದ (ಒಂದೊಂದು ಐಟಮ್ಮಿಗೆ ಇಷ್ಟು ಎಂಬ) ಲೆಕ್ಕ, ಇಡೀ ಕೆಲಸಕ್ಕೆ ಗುತ್ತಿಗೆ, ಡಿಸೈನ್ ಜತೆ ಪ್ರಿಂಟಿಂಗ್ ಸೇರಿಸಿ ಕೊಡುವುದು ಎಂಬ ನಾಲ್ಕನ್ನೂ ಒಂದೇ ಜಾತಿಯ ಕೆಲಸದ ಮೇಲೆ ಹಚ್ಚಿ ನೋಡಿದ ಹೋಲಿಕೆ ಇದು. ತಿಂಗಳ ಕರಾರು ಬೇರೆ ಜಾತಿಯದು, ಅದನ್ನು ಕೊನೆಗೆ ನೋಡೋಣ.

ಹೋಲಿಕೆಗೆ ಇಟ್ಟುಕೊಂಡ ಕೆಲಸ ಈ ಭಾಗದಲ್ಲಿ ಮತ್ತೆ ಮತ್ತೆ ಬರುವಂಥದ್ದು: ತೊಗರಿ ಬೇಳೆ ಮಿಲ್ಲಿಗೆ ಲೋಗೊ, 1 ಕಿಲೋ ಪೌಚು, ಅಂಗಡಿ ಬೋರ್ಡು, ವಿಸಿಟಿಂಗ್ ಕಾರ್ಡು.

ಮೊದಲು ನಿಮ್ಮ ತಾಸಿನ ಬೆಲೆ

ಯಾವ ಬಗೆಯಲ್ಲಿ ಬಿಲ್ ಮಾಡಿದರೂ ಒಳಗೆ ಈ ಅಂಕಿ ಬೇಕೇ ಬೇಕು. ಕೆಳಗಿನದು ಒಬ್ಬರೇ ದುಡಿಯುವವರ ಮಾದರಿ ಲೆಕ್ಕ, ಅಂಕಿ ನಿಮ್ಮದನ್ನು ತುಂಬಿಕೊಳ್ಳಿ. ಮನೆ ಖರ್ಚು 22,000 ರೂ., ಕೆಲಸದ ಕೋಣೆಯ ಬಾಡಿಗೆ ಮತ್ತು ಕರೆಂಟು 5,500, ಇಂಟರ್‌ನೆಟ್ ಮತ್ತು ಫೋನು 1,500, ಸಾಫ್ಟ್‌ವೇರ್ 4,000. 72,000 ರೂಪಾಯಿಯ ಕಂಪ್ಯೂಟರ್ 36 ತಿಂಗಳು ಬಾಳುತ್ತದೆ ಎಂದುಕೊಂಡರೆ ತಿಂಗಳಿಗೆ 2,000. ಕೆಲಸ ಇಲ್ಲದ ತಿಂಗಳಿಗೂ ರಿಪೇರಿಗೂ 5,000. ಒಟ್ಟು 40,000.

ಇದನ್ನು 25 ದಿನ, ದಿನಕ್ಕೆ 8 ತಾಸು ಅಂತ 200ರಿಂದ ಭಾಗಿಸಿದರೆ ತಾಸಿಗೆ 200 ರೂ. ಬರುತ್ತದೆ. ಹೊಸಬರು ಮುಗ್ಗರಿಸುವುದು ಇಲ್ಲೇ. ಗಿರಾಕಿ ಜತೆ ಮಾತು, ಪ್ರೆಸ್‌ಗೆ ಓಡಾಟ, ಬಾಕಿ ವಸೂಲಿ, ಬರೀ ರೇಟು ಕೇಳಿ ಹೋಗುವವರು, ಇಷ್ಟಕ್ಕೆ ಅರ್ಧ ಹೊತ್ತು ಹೋಗುತ್ತದೆ. ಬಿಲ್ಲಿಗೆ ಬೀಳುವ ತಾಸು 100 ಎಂದೇ ಹಿಡಿಯಿರಿ. ಆಗ ತಾಸಿಗೆ 400. ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಬುನಾದಿ.

ಬೇಳೆ ಮಿಲ್ಲಿನ ಕೆಲಸಕ್ಕೆ ತಾಸು ಹೀಗೆ ಹಂಚಿಕೆಯಾಗುತ್ತದೆ: ಮಾತುಕತೆ 2, ಲೋಗೊ 13, ಪೌಚು 9, ಪೌಚಿನ ಕಡ್ಡಾಯ ಮಾಹಿತಿ ಹೊಂದಿಸಲು 3, ಬೋರ್ಡು 2, ಕಾರ್ಡು 1, ಪ್ರೂಫ್ ಮತ್ತು ಪ್ರೆಸ್ ಫೈಲು 2. ಒಟ್ಟು 32 ತಾಸು, 12,800 ರೂ.

ತಾಸಿನ ಬಿಲ್ಲು

ಮೇಲ್ನೋಟಕ್ಕೆ ಇದರಷ್ಟು ನ್ಯಾಯದ ಬಗೆ ಇನ್ನೊಂದಿಲ್ಲ. ಆದರೆ ಗಂಜಿನ (ಧಾನ್ಯ ಮಾರುಕಟ್ಟೆಯ) ವ್ಯಾಪಾರಿಗೆ ಒಪ್ಪಿಗೆ ಆಗುವುದಿಲ್ಲ. ಅವರ ಲೆಕ್ಕ ಕ್ವಿಂಟಲ್ಲಿನದು, ಚೀಲದ್ದು, ದಲಾಲಿಯದು. ಮಾಲು ಕಾಣುವ ಮೊದಲೇ ಮೀಟರ್ ಓಡುವುದು ಅವರಿಗೆ ಹಿಡಿಸದು. ತಿದ್ದುಪಡಿ ಜಾಸ್ತಿಯಾಗಿ 32 ತಾಸಿನ ಕೆಲಸ 45 ತಾಸಿಗೆ ಹೋದರೆ ಬಿಲ್ಲು 18,000 ಆಗುತ್ತದೆ, ತಕರಾರು ಶುರು. ಇನ್ನೊಂದು ದೋಷ ಡಿಸೈನರ್‌ಗೇ ತಟ್ಟುವಂಥದ್ದು: ಕೈ ಪಳಗಿದಷ್ಟೂ ತಾಸು ಕಡಿಮೆ, ಬಿಲ್ಲೂ ಕಡಿಮೆ.

ಆದರೂ ಎರಡು ಕಡೆ ಇದನ್ನು ಮೀರಿಸಿದ್ದಿಲ್ಲ. ಒಂದು, ಹಳೆಯ 'ನುಡಿ' ಸಾಫ್ಟ್‌ವೇರಿನ ಅಕ್ಷರದಲ್ಲಿರುವ ಪುಸ್ತಕವನ್ನೋ ಸ್ಮರಣ ಸಂಚಿಕೆಯನ್ನೋ ಯೂನಿಕೋಡ್‌ಗೆ ತರುವುದು. ಪರಿವರ್ತನೆ ಆದಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳಲ್ಲಿ ಎಷ್ಟು ತಪ್ಪು ಉಳಿದಿವೆ ಎಂಬುದು ಪೂರಾ ಓದಿದ ಮೇಲಷ್ಟೇ ತಿಳಿಯುತ್ತದೆ, ಮೊದಲೇ ಮೊತ್ತ ಹೇಳಲಾಗದು. ಎರಡು, ಪಕ್ಕಕ್ಕೆ ಕುರ್ಚಿ ಎಳೆದುಕೊಂಡು "ಅದನ್ನ ಸ್ವಲ್ಪ ಮ್ಯಾಲ ತಗೋರಿ, ಈಗ ಕೆಂಪು ಹಾಕಿ ನೋಡ್ರಿ" ಅನ್ನುವ ಗಿರಾಕಿ. ಅರ್ಧ ತಾಸಿಗೆ 200 ಅಂತ ಮೊದಲೇ ಹೇಳಿ, ಗಡಿಯಾರ ಎದುರಿಗೇ ಇಡಿ. ಬಣ್ಣ ಬೇಗ ತೀರ್ಮಾನವಾಗುತ್ತದೆ.

ನಗದ ಲೆಕ್ಕ

ಲೋಗೊಗೆ 5,000, ಪೌಚಿಗೆ 4,000, ಬೋರ್ಡಿಗೆ 1,500, ಕಾರ್ಡಿಗೆ 500. ಒಟ್ಟು 11,000. ಗಿರಾಕಿಗೆ ತಕ್ಷಣ ಅರ್ಥವಾಗುತ್ತದೆ, ಒಪ್ಪುತ್ತಾರೆ ಕೂಡ. ಆದರೆ 12,800ರ ಪಕ್ಕಕ್ಕಿಟ್ಟು ನೋಡಿ: ಏನೂ ಎಡವಟ್ಟು ಆಗದಿದ್ದರೂ 1,800 ಕೈಬಿಟ್ಟಿತು. ಮಾತುಕತೆ, ಕಡ್ಡಾಯ ಮಾಹಿತಿ, ಪ್ರೂಫ್ ಸೇರಿ 7 ತಾಸಿಗೆ ಪಟ್ಟಿಯಲ್ಲಿ ಸಾಲೇ ಇಲ್ಲ. ಚೌಕಾಸಿಯೂ ಪ್ರತಿ ಸಾಲಿಗೆ ಬೇರೆ ಬೇರೆಯಾಗಿ ನಡೆಯುತ್ತದೆ: "ಕಾರ್ಡ್ ಬಿಟ್ಟಬಿಡ್ರಿ, ಲೋಗೊದಾಗ ಅದೂ ಬಂತಲ್ಲ."

ಬ್ಯಾನರಿಗೆ ಮಾತ್ರ ನಗದ ಲೆಕ್ಕವೇ ಸರಿ. ಆದರೆ ಅಳತೆಯ ಮೇಲೆ ದರ ಹಚ್ಚಬೇಡಿ. 10×8 ಅಡಿಯ ಬ್ಯಾನರು 72 ಪಿಪಿಐನಲ್ಲಿ (ಇಂಚಿಗೆ 72 ಪಿಕ್ಸೆಲ್) 8,640×6,912 ಪಿಕ್ಸೆಲ್. 20×16 ಅಡಿಗೆ ಅದೇ ಫೈಲು ಅರ್ಧ ರೆಸಲ್ಯೂಷನ್ನಿನಲ್ಲಿ ಹೋದರೂ ದೂರದಿಂದ ನೋಡುವವರಿಗೆ ವ್ಯತ್ಯಾಸ ಕಾಣದು. ನಿಮ್ಮ ಶ್ರಮ ಹೆಚ್ಚಿಸುವುದು ಅಡಿಯಲ್ಲ, ಮುಖಗಳು. ಜಾತ್ರೆ, ಹುಟ್ಟುಹಬ್ಬ, ಗಣೇಶ ಮಂಡಳಿಯ ಬ್ಯಾನರಿನಲ್ಲಿ 30 ಜನರ ಫೋಟೊ ಇರುವುದು ಇಲ್ಲಿ ಮಾಮೂಲಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಮಸುಕು ಚಿತ್ರದ ಹಿನ್ನೆಲೆ ಕತ್ತರಿಸಿ, ಬೆಳಕು ಸರಿಮಾಡಿ, ಹೆಸರು ಹಾಕಲು ಒಂದಕ್ಕೆ 7 ನಿಮಿಷ. 30 ಫೋಟೊ ಅಂದರೆ 210 ನಿಮಿಷ, ಮೂರೂವರೆ ತಾಸು, 1,400 ರೂ. ಇಡೀ ಬ್ಯಾನರನ್ನು 600ಕ್ಕೆ ಒಪ್ಪಿಕೊಂಡವರು ಎಲ್ಲಿ ಸೋತರು ಎಂಬುದಕ್ಕೆ ಉತ್ತರ ಇದೇ. 5 ಫೋಟೊವರೆಗೆ ಒಂದು ದರ, ಆಮೇಲೆ ಪ್ರತಿ ಫೋಟೊಗೆ 50 ರೂ. ಅಂತ ಬರೆದಿಡಿ. ತಡವಾಗಿ ಬಂದ "ಇನ್ನೆರಡು ಫೋಟೊ"ಗಳೂ ತಮ್ಮ ಪಾಲು ಕೊಟ್ಟೇ ಒಳಗೆ ಬರುತ್ತವೆ.

ಭಾಷೆಗೂ ಹೀಗೆಯೇ. ಕಲಬುರಗಿ, ಬೀದರಿನಲ್ಲಿ ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಒಂದೇ ಹಾಳೆಯಲ್ಲಿ ಕೇಳುತ್ತಾರೆ. ಉರ್ದುವನ್ನು ಇನ್‌ಪೇಜ್ ಎಂಬ ಸಾಫ್ಟ್‌ವೇರಿನಲ್ಲಿ ಕೂಡಿಸಿ, ಕರ್ವ್ಸ್ ಮಾಡಿ (ಅಕ್ಷರವನ್ನು ಚಿತ್ರದ ಗೆರೆಯಾಗಿ ಬದಲಿಸಿ) ತರಬೇಕು, ಓದಬಲ್ಲವರ ಕಣ್ಣಿಗೆ ಬೀಳಿಸಬೇಕು. ಅವರಿಗೆ ಕೊಡುವ ಹಣ ನಿಮ್ಮ ದರದೊಳಗಿರಲಿ. ಕನ್ನಡದ್ದನ್ನೂ ಕರ್ವ್ಸ್ ಮಾಡಿಯೇ ಪ್ರೆಸ್‌ಗೆ ಕೊಡಿ. ಅವರ ಹಳೆಯ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ನಿಂತರೆ ಬ್ಯಾನರು ಕಟ್ಟಿದ ಮೇಲೇ ಗೊತ್ತಾಗುವುದು. ಬೀದರಿನ ಬಿದರಿ ಸಾಮಾನಿನ ಕ್ಯಾಟಲಾಗಿಗೆ 7 ನಿಮಿಷದ ಅಂದಾಜು ಸಾಲದು. ಕಪ್ಪು ಲೋಹದ ಅಂಚು ನೆರಳಿನಲ್ಲಿ ಕರಗಿರುತ್ತದೆ, ಬೆಳ್ಳಿಯ ಕುಸುರಿ ಬೆಳಕು ಹೊಡೆಯುತ್ತದೆ. ಒಂದು ಹೂಜಿಗೆ 20 ನಿಮಿಷ ಹಿಡಿದರೆ ಕ್ಷೇಮ.

ಗುತ್ತಿಗೆ

32 ತಾಸಿಗೆ ಕಾಲು ಪಾಲು ಸೇರಿಸಿ 40 ತಾಸು, 16,000 ರೂ. ಬೇಳೆ ಮಿಲ್ಲಿನಂಥ ಕೆಲಸಕ್ಕೆ ನಾಲ್ಕರಲ್ಲಿ ಇದೇ ಗೆದ್ದದ್ದು. ಆ ಕಾಲು ಪಾಲು ಲಾಭವಲ್ಲ, ಇಂಥ ಕೆಲಸದಲ್ಲಿ ಬಂದೇ ಬರುವ ತಿರುವುಗಳ ಬೆಲೆ. ಮಿಲ್ಲಿನ ಮಾಲೀಕರು ಒಪ್ಪಿದ ಮೇಲೆ ಸೊಲ್ಲಾಪುರದಲ್ಲಿರುವ ಅಳಿಯನೋ ಹೈದರಾಬಾದಿನ ಪಾಲುದಾರನೋ "ಹಳದಿ ಬ್ಯಾಡ" ಅನ್ನುವುದು ಅದರಲ್ಲಿ ಮೊದಲನೆಯದು. ಅದಕ್ಕೇ ಕೊಟೇಶನ್ನಿನಲ್ಲಿ ಒಪ್ಪಿಗೆ ಕೊಡುವ ಒಬ್ಬರ ಹೆಸರು ಇರಲೇಬೇಕು.

ಗುತ್ತಿಗೆ ಉಳಿಯುವುದು, ಮುಳುಗುವುದು ಒಂದೇ ಮಾತಿನ ಮೇಲೆ: ತಿದ್ದುಪಡಿ ಎಷ್ಟು ಸುತ್ತು? ಲೋಗೊಗೆ 3 ಕಚ್ಚಾ ನಮೂನೆ, ಆರಿಸಿದ ಒಂದಕ್ಕೆ 2 ಸುತ್ತು. ಒಂದು ಸುತ್ತು ಅಂದರೆ ಎಲ್ಲ ಬದಲಾವಣೆಯೂ ಒಟ್ಟಿಗೆ ಒಂದೇ ಸಂದೇಶದಲ್ಲಿ ಬರಬೇಕು. ಬೆಳಿಗ್ಗೆ ಒಂದು ವಾಯ್ಸ್ ಮೆಸೇಜು, ಸಂಜೆ ಇನ್ನೊಂದು ಬಂದರೆ ಅವು ಎರಡು ಸುತ್ತು. ಮೂರನೆಯ ಸುತ್ತಿನಿಂದ ಸುತ್ತಿಗೆ 800 ರೂ., ಅಂದರೆ ಎರಡು ತಾಸು. ಇದನ್ನು ಕೆಲಸ ಹಿಡಿಯುವ ದಿನವೇ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಡುವೆ ಹೇಳಿದರೆ ಸಂಬಂಧವೇ ಕೆಡುತ್ತದೆ.

ಪೌಚಿಗೆ ಯಾಕೆ ಇಷ್ಟು ರೊಕ್ಕ ಅಂತ ಕೇಳಿದರೆ ತೋರಿಸಲು ಬೇಕಾದಷ್ಟಿದೆ. ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಪ್ಯಾಕ್ ಮಾಡಿದವರ ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಗ್ರಾಹಕರ ದೂರಿಗೆ ಫೋನ್ ನಂಬರು, ಇವೆಲ್ಲ 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದ ಪ್ರಕಾರ ಬೇಕು. ಆಹಾರ ಸುರಕ್ಷತೆಯ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ ಪರವಾನಗಿಯ 14 ಅಂಕಿ, ಸಸ್ಯಾಹಾರದ ಹಸಿರು ಚುಕ್ಕೆ. ಇಎಎನ್-13 ಬಾರ್‌ಕೋಡಿನ ಮೂಲ ಅಳತೆ 37.29×25.93 ಮಿ.ಮೀ.; ಜಾಗ ಇಲ್ಲವೆಂದು ಶೇ 80ಕ್ಕಿಂತ ಕುಗ್ಗಿಸಬಾರದು. ಪೌಚಿನ ಬಣ್ಣಕ್ಕೆ ಒಪ್ಪುತ್ತದೆಂದು ಗೆರೆಗಳನ್ನು ಕೆಂಪು ಮಾಡಿದರೆ ಸ್ಕ್ಯಾನರಿನ ಕೆಂಪು ಬೆಳಕಿಗೆ ಗೆರೆಯೇ ಕಾಣುವುದಿಲ್ಲ. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಗುರುತು) ಸಿಕ್ಕಿದೆ ನಿಜ. ಹಾಗಂತ ಆ ಗುರುತನ್ನು ಯಾವ ಪೌಚಿಗಾದರೂ ಹಾಕುವಂತಿಲ್ಲ. ಗಿರಾಕಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿದ್ದರೆ ಮಾತ್ರ ಹಾಕಿ, ಕಾಗದ ನೋಡಿಯೇ ಹಾಕಿ. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕೆಂದು ರಾಜ್ಯದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ. ಇಂಗ್ಲಿಷ್ ಲೋಗೊವನ್ನೇ ದೊಡ್ಡದು ಮಾಡಿ ಕೂಡಿಸಿದ ಬೋರ್ಡು ಮತ್ತೆ ಮಾಡಬೇಕಾಗಿ ಬರುತ್ತದೆ.

ಪೌಚು ರೋಟೊಗ್ರೇವ್ಯೂರ್‌ನಲ್ಲಿ ಛಾಪಿಸುವುದಾದರೆ ಪ್ರತಿ ಬಣ್ಣಕ್ಕೂ ಒಂದು ಸಿಲಿಂಡರ್ ಕೊರೆಯುತ್ತಾರೆ. ಕೊರೆದಾದ ಮೇಲೆ ಫೋನ್ ನಂಬರಿನ ಒಂದು ಅಂಕಿ ತಪ್ಪಿದ್ದರೂ ಆ ಬಣ್ಣದ ಸಿಲಿಂಡರ್ ಮತ್ತೆ ಮಾಡಿಸಬೇಕು. ಆದ್ದರಿಂದ ಕೊನೆಯ ಪ್ರೂಫನ್ನು ನಿಜ ಅಳತೆಯಲ್ಲಿ ಕಾಗದಕ್ಕೆ ತೆಗೆದು, ಗಿರಾಕಿಯಿಂದ ಓದಿಸಿ, ಸಹಿ ಮತ್ತು ತಾರೀಖು ಹಾಕಿಸಿ. ಮೊಬೈಲಿನಲ್ಲಿ ಕಳಿಸಿದ ಹೆಬ್ಬೆರಳು ಎತ್ತಿದ ಚಿತ್ರವನ್ನು ಒಪ್ಪಿಗೆ ಎಂದು ಹಿಡಿಯಬೇಡಿ.

ಹಣದ ಕಂತು: ಮುಂಗಡ ಅರ್ಧ, 8,000. ಲೋಗೊ ಒಪ್ಪಿದ ದಿನ 4,800. ಉಳಿದ 3,200 ಬಂದ ಮೇಲೆ ಪ್ರೆಸ್ ಫೈಲು. ಮುಂಗಡವಿಲ್ಲದೆ ಹಿಡಿದ ಕೆಲಸವೇ ಉದ್ರಿ ವಹಿಯಲ್ಲಿ ಹೆಚ್ಚು ದಿನ ಉಳಿಯುವುದು. ಬಿಗಿ ಮಾಡಲಾಗದ ಹಳೆಯ ಗಿರಾಕಿಯಾದರೆ ಕೊನೆಯ ಕಂತನ್ನು ತೊಗರಿ ರಾಶಿಯ ಕಾಲಕ್ಕೆ ಹೊಂದಿಸಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕೈಯಲ್ಲಿ ರೊಕ್ಕ ಓಡಾಡುತ್ತದೆ.

ಪ್ರಿಂಟಿಂಗ್ ಸೇರಿಸಿ

ಡಿಸೈನ್ ಪುಕ್ಕಟೆ ಎಂದು ತೋರಿಸಿ, ಪ್ರಿಂಟಿಂಗ್‌ನಲ್ಲಿ ಅಂತರ ಇಟ್ಟುಕೊಳ್ಳುವ ಬಗೆ. ಗಿರಾಕಿಗೆ ಕೇಳಲು ಹಿತ. 1,000 ವಿಸಿಟಿಂಗ್ ಕಾರ್ಡಿನವರೆಗೆ ನಡೆಯುತ್ತದೆ, ಅದರಾಚೆಗೆ ನಾವು ಒಪ್ಪುವುದಿಲ್ಲ. ಕಾಗದದ ಹಣ ಮೊದಲು ನಿಮ್ಮ ಜೇಬಿನಿಂದ ಹೋಗುತ್ತದೆ, ಬಣ್ಣ ಕೆಟ್ಟರೆ ಮರುಮುದ್ರಣದ ಖರ್ಚು ನಿಮ್ಮ ತಲೆಗೆ ಬರುತ್ತದೆ. ಇನ್ನೊಂದು ಸೂಕ್ಷ್ಮ: ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂ. ವಹಿವಾಟು. ಪ್ರಿಂಟಿಂಗ್ ನಿಮ್ಮ ಬಿಲ್ಲಿನಲ್ಲಿ ಹೋದರೆ ಪೂರಾ ಮೊತ್ತ ನಿಮ್ಮ ವಹಿವಾಟಿಗೇ ಸೇರುತ್ತದೆ, ಅದರಲ್ಲಿ ನಿಮಗೆ ಉಳಿದದ್ದು ಎಷ್ಟೇ ಇರಲಿ. ಪ್ರೆಸ್ಸಿನವರು ಗಿರಾಕಿಗೇ ಬಿಲ್ ಕೊಡಲಿ. ನೀವು ಮೊದಲ ಹಾಳೆ ನೋಡಿ ಬಣ್ಣ ಒಪ್ಪುವ ಕೆಲಸಕ್ಕೆ ಎರಡು ತಾಸಿನ ದರ ತಗೊಳ್ಳಿ.

ತಿಂಗಳ ಕರಾರು

ಶಾಲೆ, ಆಸ್ಪತ್ರೆ, ಕೋಚಿಂಗ್ ಸೆಂಟರುಗಳಿಗೆ ಇದು ಛಲೋ, ಎಣಿಕೆ ಇದ್ದರೆ ಮಾತ್ರ. ತಿಂಗಳಿಗೆ 12 ಸೋಷಿಯಲ್ ಮೀಡಿಯಾ ಪೋಸ್ಟು, ಒಂದಕ್ಕೆ ಒಂದೂಕಾಲು ತಾಸು, ಒಟ್ಟು 15 ತಾಸು, 6,000 ರೂ. ಯುಗಾದಿ, ಅಂಬೇಡ್ಕರ್ ಜಯಂತಿ, ಬಸವ ಜಯಂತಿ, ರಂಜಾನ್, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ರಾಜ್ಯೋತ್ಸವದ ಶುಭಾಶಯಗಳೂ ಆ 12ರ ಒಳಗೇ. "ಎಷ್ಟು ಬೇಕಾದರೂ" ಎಂಬ ಕರಾರು ಏಪ್ರಿಲ್, ಮೇ ಪ್ರವೇಶದ ಹೊತ್ತಿಗೆ ಬೆನ್ನು ಮುರಿಯುತ್ತದೆ: ಕರಪತ್ರ, ಬಸ್ಸಿನ ಹಿಂದಿನ ಬ್ಯಾನರು, ಫಲಿತಾಂಶದ ಫೋಟೊಗಳು ಒಟ್ಟಿಗೇ ಬಂದು ಬೀಳುತ್ತವೆ. ಹೆಚ್ಚಿನ ಪೋಸ್ಟಿಗೆ 500 ರೂ., ಉಳಿದದ್ದು ಮುಂದಿನ ತಿಂಗಳಿಗೆ ಹೋಗದು, ಹಣ 5ನೇ ತಾರೀಖಿನೊಳಗೆ. ಸಂಸ್ಥೆ ಟಿಡಿಎಸ್ (ಬಿಲ್ಲಿನಲ್ಲೇ ಕಡಿದುಕೊಳ್ಳುವ ಆದಾಯ ತೆರಿಗೆ) ಹಿಡಿದುಕೊಟ್ಟರೆ ಅದು ನಿಮ್ಮ ಪ್ಯಾನ್ ಹೆಸರಲ್ಲಿ ತೆರಿಗೆ ಇಲಾಖೆಯ ಜಮೆ ಪಟ್ಟಿಯಲ್ಲಿ ಕಾಣುತ್ತಿದೆಯೇ ಅಂತ ಮೂರು ತಿಂಗಳಿಗೊಮ್ಮೆ ನೋಡಿ.

ಯಾವ ಬಗೆಯಾದರೂ ತೆರೆದ ಫೈಲಿನ (ತಿದ್ದಲು ಬರುವ ಮೂಲ ಫೈಲಿನ) ಮಾತು ಮೊದಲೇ ಮುಗಿಸಿ. ಪಿಡಿಎಫ್ ಮತ್ತು ಪಿಎನ್‌ಜಿ ದರದೊಳಗೆ. ಕೋರೆಲ್‌ಡ್ರಾ ಫೈಲು ಬೇಕೆಂದರೆ ಬೇರೆ ದರ. ಲೋಗೊದ ಹಕ್ಕು ಪೂರ್ತಿ ವರ್ಗಾಯಿಸುವುದಾದರೆ ಬರಹದಲ್ಲಿ ಬರೆದು ಸಹಿ ಮಾಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಅವಧಿ ಬರೆಯದಿದ್ದರೆ ವರ್ಗಾವಣೆ 5 ವರ್ಷಕ್ಕೆ ಎಂದೇ ಲೆಕ್ಕ. ಮಿಲ್ಲಿನವರು ಆ ಲೋಗೊವನ್ನು ಟ್ರೇಡ್‌ಮಾರ್ಕ್ ಮಾಡಿಸಲು ಹೊರಟಾಗ ಈ ಒಂದು ಸಾಲಿಗಾಗಿ ಮತ್ತೆ ನಿಮ್ಮ ಹತ್ತಿರವೇ ಬರಬೇಕಾಗುತ್ತದೆ, ಅದನ್ನು ಕೊಟೇಶನ್ನಿನ ಕೆಳಗೇ ಸೇರಿಸಿಬಿಡಿ.