ಫ್ರಿಜ್‌ನ ನೀರಿನ ಫಿಲ್ಟರ್: ನಾಲ್ಕು ಥರದ್ದು ಹಾಕಿ ನೋಡಿದೆ

ನಾವಿರುವುದು ಮಿಷಿಗನ್‌ನ ನೋವೈಯಲ್ಲಿ. ನಮ್ಮನೆ ಫ್ರಿಜ್ ಬಾಗಿಲಲ್ಲೇ ಕುಡಿಯುವ ನೀರು ಬರುತ್ತದೆ, ಲೋಟ ಒತ್ತಿದರೆ ಸಾಕು. ಆರು ತಿಂಗಳಿಗೊಮ್ಮೆ ಕೆಂಪು ದೀಪ ಹತ್ತಿದಾಗ ಫಿಲ್ಟರ್ ಬದಲಿಸಬೇಕು. ಕಂಪನಿಯದ್ದು ಒಂದಕ್ಕೆ ನಾನು ಕೊಟ್ಟದ್ದು 55 ಡಾಲರ್. ವರ್ಷಕ್ಕೆ 110 ಆಯಿತು. ನೋಡೋಕೆ ಥೇಟ್ ಹಾಗೇ ಇರುವುದು ಆನ್‌ಲೈನ್‌ನಲ್ಲಿ ಮೂರಕ್ಕೆ 25 ಡಾಲರ್ ಅಂದರೆ ಯಾರಿಗಾದರೂ ಕೈ ಆ ಕಡೆ ಹೋಗುತ್ತೆ ಅಲ್ವಾ? ಹಾಗಾಗಿ ಕಳೆದ ಎರಡು ವರ್ಷದಲ್ಲಿ ನಾಲ್ಕು ಥರದ್ದು ಹಾಕಿ ನೋಡಿದೆ. ಪರೀಕ್ಷೆಗೆ ಅಂತ ಕ್ಲೋರಿನ್ ಪಟ್ಟಿ ತಂದಿಟ್ಟುಕೊಂಡೆ, ನೀರಿನಲ್ಲಿ ಅದ್ದಿದರೆ ಬಣ್ಣ ತಿರುಗುವಂಥದ್ದು.

ಮೊದಲು ಕಂಪನಿಯದ್ದು. ಬೆಲೆ ಒಂದು ಬಿಟ್ಟರೆ ದೂರು ಹೇಳೋಕೆ ಏನೂ ಇಲ್ಲ. ಹಳೆಯದನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ ಎಳೆದರೆ ಕೈಗೆ ಬರುತ್ತದೆ. ಒಂದಿಷ್ಟು ನೀರು ತೊಟ್ಟಿಕ್ಕುತ್ತದೆ, ಕೆಳಗೆ ಹಳೇ ಪಂಚೆ ಮಡಚಿಟ್ಟರೆ ಸಾಕು. ಹೊಸದನ್ನು ಒತ್ತಿ ಬಲಕ್ಕೆ ತಿರುಗಿಸಿದಾಗ ಟಕ್ ಅನ್ನಬೇಕು. ಆ ಟಕ್ ಕೇಳಿಸುವವರೆಗೂ ಬಿಡಬೇಡಿ. ಪ್ಲಂಬರ್ ಬೇಡ, ಸ್ಪ್ಯಾನರ್ ಬೇಡ, ನಮ್ಮ ಫ್ರಿಜ್‌ಗಂತೂ ನೀರು ಬಂದ್ ಮಾಡುವುದೂ ಬೇಡ. ಮೊದಲ ಲೋಟ ಬೂದು ಬಣ್ಣಕ್ಕೆ ಬರುತ್ತದೆ, ಗಾಬರಿಯಾಗಬೇಡಿ, ಒಳಗಿರುವ ಇದ್ದಿಲಿನ ನುಣ್ಣನೆ ಪುಡಿ ಅದು. ಗಾಳಿ ಸೇರಿಕೊಂಡಿರುವುದರಿಂದ ನೀರು ಬುಸ್ ಬುಸ್ ಅಂತ ಸಿಡಿಯುತ್ತಾ ಬೀಳುತ್ತದೆ. ಮೂರು ನಾಲ್ಕು ಗ್ಯಾಲನ್, ಅಂದರೆ 12ರಿಂದ 15 ಲೀಟರ್ ಹರಿಸಿಬಿಡಬೇಕು. ನಾನು ಅದನ್ನ ಪಾತ್ರೆಗೆ ಹಿಡಿದು ಕಿಟಕಿ ಹತ್ತಿರದ ಕರಿಬೇವಿನ ಕುಂಡಕ್ಕೆ ಹಾಕುತ್ತೇನೆ, ಉಳಿದದ್ದರಲ್ಲಿ ನೆಲ ಒರೆಸುತ್ತೇವೆ. ಐಸ್ ಮೊದಲ ಎರಡು ಸಲದ್ದು ಚೆಲ್ಲಿಬಿಡಿ. ಆರು ತಿಂಗಳ ಕೊನೆಯಲ್ಲೂ ಪಟ್ಟಿ ಬೆಳ್ಳಗೇ ಇತ್ತು, ಕ್ಲೋರಿನ್ ಸುಳಿವಿಲ್ಲ.

ಆಮೇಲೆ ಆ ಮೂರಕ್ಕೆ 25ರದ್ದು. ಕೂರಿಸುವಾಗಲೇ ಬಿಗಿ ಅನ್ನಿಸಿತು, ಟಕ್ ಸರಿಯಾಗಿ ಬರಲಿಲ್ಲ. ಬೆಳಗ್ಗೆ ಎದ್ದು ತರಕಾರಿ ಡ್ರಾಯರ್ ಎಳೆದರೆ ಒಂದು ಬೆರಳು ನೀರು ನಿಂತಿದೆ, ಕೊತ್ತಂಬರಿ ಸೊಪ್ಪಿನ ಕಟ್ಟು ಅದರಲ್ಲಿ ತೇಲುತ್ತಿದೆ. ತೆಗೆದು ನೋಡಿದೆ: ಕುತ್ತಿಗೆಯ ರಬ್ಬರ್ ಉಂಗುರ ಒಂದು ಕಡೆ ಮಡಚಿ ಸೀಳಿತ್ತು. ಎರಡನೆಯದು ಸೋರಲಿಲ್ಲ. ಆದರೆ ಎರಡು ತಿಂಗಳು ದಾಟುವಷ್ಟರಲ್ಲಿ ಕಾಫಿ ಡಿಕಾಕ್ಷನ್‌ನಲ್ಲಿ ಈಜುಕೊಳದ ವಾಸನೆ ಶುರುವಾಯಿತು. ಪಟ್ಟಿ ಅದ್ದಿದೆ, ನಲ್ಲಿ ನೀರಿನ ಬಣ್ಣಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಫ್ರಿಜ್ ದೀಪ ಮಾತ್ರ ಇನ್ನೂ ಹಸಿರು. ನಮ್ಮ ಫ್ರಿಜ್ ದೀಪ ಬರೀ ದಿನ ಎಣಿಸುತ್ತದೆ, ನೀರಿನ ಗುಣ ಅಳೆಯುವುದಿಲ್ಲ. ಮೂರನೆಯದನ್ನು ಹಾಕಲಿಲ್ಲ, ಎಸೆದೆ.

ಹೊತ್ತಿಗೆ ಸರಿಯಾಗಿ ಹಾಸನದಿಂದ ಅಪ್ಪ ಬಂದರು, ಜೇಬಲ್ಲಿ ಟಿಡಿಎಸ್ ಮೀಟರ್, ನೀರಿನಲ್ಲಿ ಕರಗಿದ ಉಪ್ಪಿನಂಶ ಎಷ್ಟಿದೆ ಅಂತ ತೋರಿಸುವಂಥದ್ದು. ನಲ್ಲಿ ನೀರಿಗೆ ಇಟ್ಟರು, ಫ್ರಿಜ್ ನೀರಿಗೆ ಇಟ್ಟರು. "ಎರಡೂ ಒಂದೇ ನಂಬರ್ ಕಣೋ, ಇದೇನು ಫಿಲ್ಟರ್?" ಅಂದರು. ಇದನ್ನ ತುಂಬಾ ಜನ ಕೇಳುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಫ್ರಿಜ್ ಫಿಲ್ಟರ್‌ನಲ್ಲಿರುವುದು ಗಟ್ಟಿಯಾಗಿ ಒತ್ತಿದ ಇದ್ದಿಲು. ಅದು ಕ್ಲೋರಿನ್ ಹಿಡಿಯುತ್ತದೆ, ಒಳ್ಳೆಯದಾದರೆ ಸೀಸವನ್ನೂ ಹಿಡಿಯುತ್ತದೆ. ಕರಗಿದ ಉಪ್ಪನ್ನು ತೆಗೆಯುವುದಿಲ್ಲ, ಅದಕ್ಕೆ ಆರ್‌ಒ ಬೇಕು. ಹಾಸನದ ಮನೆಯ ಬೋರ್‌ವೆಲ್ ನೀರಿಗೆ ಇಂಥದ್ದು ಹಾಕಿದರೆ ಗಡಸು ಒಂದು ಚೂರೂ ಕಮ್ಮಿಯಾಗುವುದಿಲ್ಲ. ಇನ್ನು ಸೀಸ. ಇಲ್ಲಿ ಸರ್ಕಾರ ಬಹಳ ವರ್ಷ ಇಟ್ಟುಕೊಂಡಿದ್ದ ಎಚ್ಚರಿಕೆಯ ಮಟ್ಟ ಲೀಟರ್‌ಗೆ 15 ಮೈಕ್ರೋಗ್ರಾಂ. ಟಿಡಿಎಸ್ ಮೀಟರ್ ತೋರಿಸುವ ಅತಿ ಚಿಕ್ಕ ಅಂಕಿ 1, ಅಂದರೆ ಲೀಟರ್‌ಗೆ 1000 ಮೈಕ್ರೋಗ್ರಾಂ. ಆ ಮೀಟರ್‌ಗೆ ಸೀಸ ಕಾಣುವ ಮಾತೇ ಇಲ್ಲ.

ಸೀಸದ ಬಗ್ಗೆ ಇಷ್ಟು ಯಾಕೆ ಎಳೆದೆ ಅಂದರೆ, ಫ್ಲಿಂಟ್ ಊರು ನಮಗೆ ಒಂದು ಗಂಟೆ ದಾರಿಯೂ ಇಲ್ಲ. 2014ರ ಏಪ್ರಿಲ್‌ನಲ್ಲಿ ಅಲ್ಲಿ ದುಡ್ಡು ಉಳಿಸೋಕೆ ಅಂತ ಡೆಟ್ರಾಯಿಟ್ ನೀರು ಬಿಟ್ಟು ನದಿ ನೀರಿಗೆ ಹೋದರು, ಪೈಪ್ ಸವೆಯದಂತೆ ನೀರಿಗೆ ಹಾಕಬೇಕಾದ ರಾಸಾಯನಿಕ ಹಾಕಲಿಲ್ಲ, ಹಳೇ ಪೈಪ್‌ಗಳ ಸೀಸ ಮಕ್ಕಳ ಲೋಟಕ್ಕೆ ಬಂತು. ಮನೆಯಲ್ಲಿ ಚಿಕ್ಕ ಮಗುವಿದ್ದರೆ ಫಿಲ್ಟರ್ ಬರೀ ರುಚಿಯ ವಿಷಯ ಅಲ್ಲ.

ಮೂರನೇ ಸಲ ಫ್ರಿಜ್ ಹಿಂದಿನ ಪೈಪ್‌ಗೆ ಜೋಡಿಸುವ ಫಿಲ್ಟರ್ ತಂದೆ, 30 ಡಾಲರ್. ಬೇಸ್‌ಮೆಂಟ್‌ನಲ್ಲಿ ವಾಲ್ವ್ ಮುಚ್ಚಬೇಕು, ಫ್ರಿಜ್ ಎಳೆಯಬೇಕು, ಕಾಲಿಂಚಿನ ಪ್ಲಾಸ್ಟಿಕ್ ಪೈಪನ್ನು ಓರೆಯಾಗದಂತೆ ಕತ್ತರಿಸಿ ಎರಡೂ ತುದಿ ಒಳಕ್ಕೆ ಒತ್ತಬೇಕು, ಬಾಣದ ಗುರುತು ಫ್ರಿಜ್ ಕಡೆಗೇ ಇರಬೇಕು, ಹಳೇ ಫಿಲ್ಟರ್ ಜಾಗಕ್ಕೆ ಮುಚ್ಚಳದಂಥ ಪ್ಲಗ್ ಬೇರೆ. ಒಂದು ಶನಿವಾರ ಪೂರ್ತಿ ಅದಕ್ಕೇ ಹೋಯಿತು. ನೀರು ರಭಸವಾಗಿ ಬಂತು, ರುಚಿಯೂ ಚೆನ್ನಾಗಿತ್ತು. ಆದರೆ ಡಬ್ಬಿ ಮೇಲಿದ್ದದ್ದು ಎನ್‌ಎಸ್‌ಎಫ್ (ಫಿಲ್ಟರ್‌ಗೆ ಸರ್ಟಿಫಿಕೇಟ್ ಕೊಡುವ ಸಂಸ್ಥೆ) 42ನೇ ಮಾನದಂಡದ ಗುರುತು ಮಾತ್ರ. ಅದು ಕ್ಲೋರಿನ್, ರುಚಿ, ವಾಸನೆಗೆ. ಸೀಸ ತೆಗೆಯುವುದಕ್ಕೆ ಕೊಡುವುದು 53. ಆರು ತಿಂಗಳಾದ ಮೇಲೆ ತೆಗೆದುಬಿಟ್ಟೆ.

ಈಗ ಇರುವುದು ನಾಲ್ಕನೆಯದು. ಬೇರೆಯವರು ಮಾಡಿದ್ದೇ, ಆದರೆ 42 ಮತ್ತು 53 ಎರಡಕ್ಕೂ ಸರ್ಟಿಫೈಡ್. 22 ಡಾಲರ್ ಬಿತ್ತು. ನನ್ನ ಓಟು ಇದಕ್ಕೇ. ಕೊಳ್ಳುವಾಗ ಒಂದು ಮಾತು ಕಣ್ಣಲ್ಲಿ ಕಣ್ಣಿಟ್ಟು ಓದಿ: "ಎನ್‌ಎಸ್‌ಎಫ್ ಮಾನದಂಡದಂತೆ ಪರೀಕ್ಷಿಸಲಾಗಿದೆ" ಅನ್ನುವುದು ಬೇರೆ, "ಸರ್ಟಿಫೈಡ್" ಅನ್ನುವುದು ಬೇರೆ. ಆ ಅಗ್ಗದ ಡಬ್ಬಿ ಮೇಲೂ ಮೊದಲನೆಯ ಸಾಲು ದಪ್ಪಕ್ಷರದಲ್ಲಿತ್ತು. ಎನ್‌ಎಸ್‌ಎಫ್ ಅನ್ನುವುದು 1944ರಲ್ಲಿ ಇಲ್ಲೇ ಆನ್ ಆರ್ಬರ್‌ನಲ್ಲಿ ಶುರುವಾದ ಸಂಸ್ಥೆ. ಅವರ ವೆಬ್‌ಸೈಟ್‌ನಲ್ಲಿ ಮಾಡೆಲ್ ನಂಬರ್ ಹಾಕಿದರೆ ಯಾವುದಕ್ಕೆ ಸರ್ಟಿಫಿಕೇಟ್ ಇದೆ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಡಬ್ಲ್ಯುಕ್ಯುಎ, ಐಎಪಿಎಂಒ ಅನ್ನುವ ಸಂಸ್ಥೆಗಳ ಗುರುತು ಇದ್ದರೂ ಸರಿ, ಅವರೂ ಅದೇ ಮಾನದಂಡಕ್ಕೇ ಸರ್ಟಿಫಿಕೇಟ್ ಕೊಡುತ್ತಾರೆ. ಕಂಪನಿಯದ್ದೇ ಬೇಕು ಅನ್ನುವವರು ಕಂಪನಿಯಿಂದಲೋ ದೊಡ್ಡ ಅಂಗಡಿಯಿಂದಲೋ ತನ್ನಿ. ನಕಲಿ ಫಿಲ್ಟರ್‌ಗಳ ಕಾಟ ಇದೆ, ಕಸ್ಟಮ್ಸ್‌ನವರೇ ರಾಶಿ ರಾಶಿ ಹಿಡಿದಿದ್ದಾರೆ. ಚಿಪ್ ಇಟ್ಟ ಫಿಲ್ಟರ್‌ನ ಫ್ರಿಜ್ ನಿಮ್ಮದಾದರೆ ಬೇರೆಯದನ್ನು ಅದು ಒಪ್ಪದೇ ಇರಬಹುದು, ಮೊದಲೇ ನೋಡಿಕೊಳ್ಳಿ.

ಹಾಕಿದ ತಾರೀಖನ್ನು ಫಿಲ್ಟರ್ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದೇನೆ. ಇದು ನಾಲ್ಕನೇ ತಿಂಗಳು. ಮೊನ್ನೆ ಭಾನುವಾರ ಅದ್ದಿದ ಪಟ್ಟಿ ಇನ್ನೂ ಬೆಳ್ಳಗೇ ಇತ್ತು.