ಲುಬುಂಟುವಿಗೆ ಗೆಸ್ಟ್ ಅಡಿಷನ್ಸ್: ಸಿಡಿಯೋ, ಪ್ಯಾಕೇಜೋ?

ಪುಣೆಯ ಹಿಂಜವಡಿಯಲ್ಲಿ ನನ್ನೊಡನೆ ಕೋಣೆ ಹಂಚಿಕೊಂಡಿರುವ ಧಾರವಾಡದ ಹುಡುಗ ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ) ಲುಬುಂಟು ಎಂಬ ಹಗುರ ಲಿನಕ್ಸ್ ಹಾಕಿದ್ದ. ಪರದೆ ಅಂಗೈಯಗಲ, ಹೊರಗೆ ನಕಲಿಸಿದ್ದು ಒಳಗೆ ಅಂಟುತ್ತಿರಲಿಲ್ಲ. ಇದಕ್ಕೆ ಮದ್ದು ಗೆಸ್ಟ್ ಅಡಿಷನ್ಸ್ ಎಂಬ ಪೂರಕ ತಂತ್ರಾಂಶ; ಅದನ್ನು ಸಿಡಿಯಿಂದಲೂ ಹಾಕಬಹುದು, ಪ್ಯಾಕೇಜಿನಿಂದಲೂ ಹಾಕಬಹುದು.

ವರ್ಚುವಲ್‌ಬಾಕ್ಸ್ ಮೆನುವಿನಿಂದ ಸೇರಿಸುವ ಸಿಡಿಯ ಆವೃತ್ತಿ ನಿಮ್ಮ ವರ್ಚುವಲ್‌ಬಾಕ್ಸ್‌ಗೆ ಸರಿಹೊಂದುತ್ತದೆ, ನಿಜ. ಆದರೆ ಅದರ ಚಾಲಕಗಳನ್ನು ಅಲ್ಲೇ ಕಟ್ಟಲು ಜಿಸಿಸಿ, ಮೇಕ್ ಎಂಬ ಸಾಧನಗಳೂ ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಹೆಡರ್ ಕಡತಗಳೂ ಮೊದಲೇ ಇರಬೇಕು. ಹಗುರ ಲಿನಕ್ಸ್‌ನಲ್ಲಿ ಎಷ್ಟೋ ಸಲ ಇವೇ ಇರುವುದಿಲ್ಲ! ಅವನ ಅನುಸ್ಥಾಪನೆ ಹೆಡರ್ ಸಿಗಲಿಲ್ಲವೆಂದು ಅರ್ಧದಲ್ಲೇ ನಿಂತಿತು.

ಲುಬುಂಟುವಿನ ತಂತ್ರಾಂಶ ಭಂಡಾರದ ಪ್ಯಾಕೇಜ್ ತುಸು ಹಳೆಯದಿರಬಹುದು, ತಲೆನೋವು ಮಾತ್ರ ಕಡಿಮೆ. ಅತಿಥಿ ಯಂತ್ರದ (ಒಳಗಿನ ಕಂಪ್ಯೂಟರಿನ) ಚಾಲಕ ಆವೃತ್ತಿ 4.16ರಿಂದಲೂ, ಹಂಚಿಕೆ ಫೋಲ್ಡರಿನ ಚಾಲಕ 5.6ರಿಂದಲೂ ಲಿನಕ್ಸ್ ಕರ್ನಲ್‌ನಲ್ಲೇ ಇವೆ. ನಾನು ಹಾಕಿಸಿದ್ದು ಪ್ಯಾಕೇಜನ್ನೇ. ಕ್ಲಿಪ್‌ಬೋರ್ಡಿಗಾಗಿ ಎಕ್ಸ್11 (ಪರದೆ, ಕಿಟಕಿಗಳನ್ನು ನೋಡಿಕೊಳ್ಳುವ ವ್ಯವಸ್ಥೆ) ಭಾಗವನ್ನು ಮರೆಯಬೇಡಿ.

ಆಲ್ಪೈನ್ ಎಂಬ ಇನ್ನೊಂದು ಹಗುರ ಲಿನಕ್ಸ್ ಆದರೆ ಯೋಚನೆಯೇ ಬೇಡ. ಅದರಲ್ಲಿ ಮೂಲ ಸಿ ಲೈಬ್ರರಿಯಾಗಿ ಇರುವುದು ಮಸ್ಲ್. ಲುಬುಂಟುವಿನಂಥವುಗಳ ಲೈಬ್ರರಿಯಾದ ಜಿಲಿಬ್‌ಸಿಯನ್ನು ನಂಬಿದ ಸಿಡಿ ಅಲ್ಲಿ ಮುಗ್ಗರಿಸುತ್ತದೆ. ಆಲ್ಪೈನಿನ ಸ್ವಂತ ಎಪಿಕೆ ಪ್ಯಾಕೇಜನ್ನೇ ಹಾಕಿ.

ಹಂಚಿಕೆ ಫೋಲ್ಡರ್ ತೆರೆಯದಿದ್ದರೆ ಬಳಕೆದಾರನನ್ನು ವಿಬಾಕ್ಸ್‌ಎಸ್‌ಎಫ್ ಗುಂಪಿಗೆ ಸೇರಿಸಿ, ಮತ್ತೆ ಲಾಗಿನ್ ಆಗಿ.