ಬೋಟ್ ಇಂಜಿನ್‌ಗೆ ಸ್ಟೀಲ್ ರಾಕರೇ ಹಾಕಿ ಮಾರಾಯ್ರೆ

ರಾಕರ್ ಅಂದ್ರೆ ಇಂಜಿನ್ ತಲೆ ಮೇಲೆ ಏತದ ಹಾಗೆ ತೂಗಿ ವಾಲ್ವನ್ನ ಒತ್ತಿ ತೆರೆಯೋ ಪುಟ್ಟ ಸನ್ನೆ; ತುದಿಯಲ್ಲಿ ಚಕ್ರ, ನಡುವಿನ ಪಿನ್ನಿಗೆ ಸೂಜಿ ಬೇರಿಂಗ್ ಇರೋದು ರೋಲರ್ ರಾಕರ್. ಮೊದ್ಲೇ ಹೇಳ್ಬಿಡ್ತೀನಿ, ನಾನು ಸ್ಟೀಲ್ ಪಾರ್ಟಿ. ಅಲ್ಯೂಮಿನಿಯಂ ರೋಲರ್ ರಾಕರ್ ಹಾಕಿ ಎರಡು ಸೀಸನ್ ಮೆರೆದು, ಮೂರನೇದ್ರಲ್ಲಿ ನಡು ನೀರಲ್ಲಿ ಹೆಂಡ್ತಿ ಮಕ್ಕಳ ಎದುರಿಗೆ ಮರ್ಯಾದೆ ಕಳ್ಕೊಂಡವನು. ಹಾಗಾಗಿ ತಕ್ಕಡಿ ಹಿಡ್ಕೊಂಡು ತೂಗಿ ಬರೀತೀನಿ ಅಂತ ಕಾಯ್ಬೇಡಿ.

ಊರು ಗಂಗೊಳ್ಳಿ, ಅಪ್ಪಯ್ಯನ ಟ್ರಾಲ್ ಬೋಟಿನ ಡೀಸೆಲ್ ಹೊಗೆ ಕುಡಿದೇ ಬೆಳೆದದ್ದು. ಈಗಿರೋದು ಅಮೆರಿಕದ ಮಿಸೌರಿಯಲ್ಲಿ. ಇಲ್ಲಿ ಲೇಕ್ ಆಫ್ ದಿ ಓಝಾರ್ಕ್ಸ್ ಅಂತ ಒಂದು ಕೆರೆ, ಕೆರೆ ಅಂದ್ರೆ ನಮ್ಮ ಕೆರೆ ಅಲ್ಲ, 1931ರಲ್ಲಿ ಓಸೇಜ್ ನದಿಗೆ ಬ್ಯಾಗ್ನೆಲ್ ಡ್ಯಾಮ್ ಕಟ್ಟಿದ್ದಕ್ಕೆ ಹಿಂದೆ ನಿಂತ ನೀರು, ನಕ್ಷೆಯಲ್ಲಿ ಹಾವು ಹೊರಳಿದ ಹಾಗೆ ಕಾಣತ್ತೆ. ಅಲ್ಲಿ ಓಡಿಸೋಕೆ 2017ರಲ್ಲಿ ಒಂದು ಹಳೇ 28 ಅಡಿ ಸ್ಪೀಡ್ ಬೋಟ್ ತಗೊಂಡೆ, ಒಳಗೆ ಮರ್‌ಕ್ರೂಸರ್ 502, ಅಂದ್ರೆ 8.2 ಲೀಟರಿನ ಷೆವರ್ಲೆಯ ದೊಡ್ಡ ಜಾತಿಯ ವಿ8, ಷೆವಿ ಬಿಗ್ ಬ್ಲಾಕ್. ಅದು ಇದ್ದ ಹಾಗೇ ಚೆನ್ನಾಗಿತ್ತು. ಸುಮ್ನಿರಲಾರದೆ ಕ್ಯಾಮ್ (ವಾಲ್ವ್ ಯಾವಾಗ, ಎಷ್ಟು ತೆರೀಬೇಕು ಅಂತ ನಡೆಸೋ, ಉಬ್ಬುಗಳಿರೋ ದಂಡ) ಬದಲಾಯಿಸಿದೆ, ಕ್ಯಾಮ್ ಬದಲಾಯಿಸಿದ್ಮೇಲೆ ವಾಲ್ವ್ ಮುಚ್ಚೋ ಸ್ಪ್ರಿಂಗ್ ಗಟ್ಟಿದು ಬೇಕಾಯ್ತು, ಸ್ಪ್ರಿಂಗ್ ಗಟ್ಟಿ ಆದ್ಮೇಲೆ ರಾಕರ್ ಬೇಕಾಯ್ತು. ಹೀಗೆ ಶುರುವಾದದ್ದು.

ಕಂಪನಿ ಇಂಜಿನ್ ಜೊತೆ ಕೊಟ್ಟಿದ್ದ ಒತ್ತಿದ ತಗಡಿನ ಸ್ಟೀಲ್ ರಾಕರ್ ಬಗ್ಗೆ ಒಂದೇ ಮಾತು: ಕ್ಯಾಮ್ ಮುಟ್ಟದೇ ಇದ್ರೆ ಅದನ್ನೂ ಮುಟ್ಬೇಡಿ, ಅದು ಸಾಯಲ್ಲ.

ಅಲ್ಯೂಮಿನಿಯಂ ಸೆಟ್ ತಗೊಂಡಿದ್ದಕ್ಕೆ ಕಾರಣ ನೇರ, ಕಡಿಮೆ ರೇಟು, ಹಗುರ, ನೋಡೋಕೆ ಚಂದ. ಡ್ರ್ಯಾಗ್ ರೇಸ್ ಓಡಿಸೋ ಒಬ್ಬ ಸ್ನೇಹಿತ ವರ್ಷಗಟ್ಟಲೆ ಅದನ್ನೇ ಹಾಕ್ತಾನೆ, ಏನೂ ಆಗಿಲ್ಲ ಅಂದ. ಅವನಿಗೆ ಏನೂ ಆಗಲ್ಲ, ನಿಜ. ಅವನ ಕಾರು ಕಾಲು ಮೈಲಿ ಓಡಿ ಟ್ರೇಲರ್ ಹತ್ತತ್ತೆ, ಚಳಿಗಾಲಕ್ಕೆ ಅವನು ಎಲ್ಲ ಬಿಚ್ಚಿ ನೋಡ್ತಾನೆ. ಬೋಟ್ ಹಾಗಲ್ಲ. ಕಾರು ಒಂದು ಸ್ಪೀಡಿಗೆ ಬಂದ್ಮೇಲೆ ಇಂಜಿನ್ ಸ್ವಲ್ಪ ಉಸಿರು ಬಿಡತ್ತೆ, ಇಳಿಜಾರಲ್ಲಿ ಸುಮ್ನೆ ಉರುಳತ್ತೆ. ನೀರಲ್ಲಿ ಇಳಿಜಾರು ಎಲ್ಲಿದೆ? ಬೋಟ್ ಓಡಿಸೋದು ಅಂದ್ರೆ ಲೋಡ್ ಲಾರಿಯನ್ನ ದಿನವಿಡೀ ಹುಲಿಕಲ್ ಘಾಟಿ ಹತ್ತಿಸ್ತಾ ಇದ್ದ ಹಾಗೆ, ಮೇಲೆ ಮುಟ್ಟೋದೇ ಇಲ್ಲ.

ಲೆಕ್ಕ ಹಾಕಿ ನೋಡಿ. 4800 ಆರ್‌ಪಿಎಂನಲ್ಲಿ ಒಂದೊಂದು ವಾಲ್ವ್ ನಿಮಿಷಕ್ಕೆ 2400 ಸಲ ತೆರೀತದೆ, ಗಂಟೆಗೆ 1,44,000 ಸಲ. ಪ್ರತಿ ಸಲವೂ ರಾಕರ್ ಕೂದಲೆಳೆಯಷ್ಟು ಬಗ್ಗಿ ನೆಟ್ಟಗಾಗತ್ತೆ. ಸ್ಟೀಲಿಗೆ ಒಂದು ಮಿತಿ ಇದೆ, ಆ ಮಿತಿ ಒಳಗೆ ಎಷ್ಟು ಕೋಟಿ ಸಲ ಬಗ್ಗಿಸಿದ್ರೂ ತಡ್ಕೊಳತ್ತೆ. ಅಲ್ಯೂಮಿನಿಯಂಗೆ ಅಂಥ ಮಿತಿನೇ ಇಲ್ಲ, ಸಣ್ಣ ಬಗ್ಗೋದೂ ಲೆಕ್ಕದ ಪುಸ್ತಕದಲ್ಲಿ ಜಮಾ ಆಗ್ತಾ ಹೋಗತ್ತೆ, ಒಂದಿನ ಲೆಕ್ಕ ಚುಕ್ತಾ. ಇದನ್ನ ನಾನು ಮೊದಲು ಓದಿರಲಿಲ್ವಾ ಅಂದ್ರೆ ಓದಿದ್ದೆ, ಇಂಜಿನಿಯರಿಂಗ್ ಮಾಡುವಾಗ್ಲೇ ಓದಿದ್ದೆ, ಪರೀಕ್ಷೆಲಿ ಬರೆದೂ ಬಂದಿದ್ದೆ.

2021ರ ಆಗಸ್ಟ್, ಶನಿವಾರ. ಶನಿವಾರ ಆ ಕೆರೆ ಮಧ್ಯದಲ್ಲಿ ದೊಡ್ಡ ದೊಡ್ಡ ಬೋಟುಗಳ ಅಲೆ ಎರಡೂ ದಡಕ್ಕೆ ಹೊಡೆದು ವಾಪಸ್ ಬಂದು ಕುದಿಯೋ ಗಂಜಿ ಥರ ಇರತ್ತೆ. ಅಲೆ ಹಾರಿದಾಗ ಪ್ರೊಪೆಲರ್ ನೀರಿಂದ ಆಚೆ ಬಂದು ಇಂಜಿನ್ ಒಮ್ಮೆಲೇ ಕಿರುಚತ್ತೆ, ಮತ್ತೆ ನೀರಿಗೆ ಬಿದ್ದಾಗ ದಬಕ್ ಅಂತ ಹಿಡಿಯತ್ತೆ. ವಾಲ್ವ್ ಟ್ರೇನ್‌ಗೆ (ಕ್ಯಾಮಿಂದ ವಾಲ್ವ್ ತನಕದ ಭಾಗಗಳಿಗೆ) ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅಂಥ ಒಂದು ಹಾರಾಟ ಆದ್ಮೇಲೆ ಇಂಜಿನ್ ಮೇಲ್ಗಡೆಯಿಂದ ಢಬ್ ಢಬ್ ಅಂತ ಸೀನೋಕೆ ಶುರು, ಪವರ್ ಇಲ್ಲ. ಹೇಗೋ ಕುಂಟ್ತಾ ದಡಕ್ಕೆ ಬಂದ್ವಿ. ಟ್ಯಾಪೆಟ್ ಕವರ್ (ರಾಕರುಗಳ ಮೇಲಿನ ಮುಚ್ಚಳ) ಬಿಚ್ಚಿದ್ರೆ ಒಂದು ಎಕ್ಸಾಸ್ಟ್ ರಾಕರ್ ನಡುವಿನ ಪಿನ್ ಹತ್ರ ತುಂಡಾಗಿ ಮಲಗಿದೆ, ಸುತ್ತ ಎಣ್ಣೆಯಲ್ಲಿ ಬೇರಿಂಗಿನ ಸೂಜಿಗಳು ಅಕ್ಕಿ ನುಚ್ಚು ಚೆಲ್ಲಿದ ಹಾಗೆ. ಎಕ್ಸಾಸ್ಟ್ ವಾಲ್ವ್ ತೆರೀದೇ ಇದ್ದಿದ್ದಕ್ಕೆ ಉರಿದ ಗಾಳಿ ಇನ್‌ಟೇಕ್ ಕಡೆಯಿಂದ ವಾಪಸ್ ಬರ್ತಾ ಇತ್ತು, ಅದೇ ಆ ಸೀನು. ಮ್ಯಾಗ್ನೆಟ್ ಕಡ್ಡಿಯಲ್ಲಿ ಒಂದೊಂದೇ ಸೂಜಿ ಹೆಕ್ಕಿ, ಪಕ್ಕದ ಒಳ್ಳೇ ರಾಕರ್ ಒಂದನ್ನ ಬಿಚ್ಚಿ ಸೂಜಿ ಎಣಿಸಿ ತಾಳೆ ನೋಡಿದೆ. ಮೂರು ಕಮ್ಮಿ. ಎರಡು ಎಣ್ಣೆ ಇಳಿಯೋ ತೂತಲ್ಲಿ ಸಿಕ್ತು. ಮೂರನೇದು ಚಳಿಗಾಲದಲ್ಲಿ ಇಂಜಿನ್ನೇ ಎತ್ತಿ ಆಯಿಲ್ ಪ್ಯಾನ್ ಬಿಚ್ಚಿದಾಗ ಸಿಕ್ತು, ನನ್ನ ಬೋಟಲ್ಲಿ ಇಂಜಿನ್ ಎತ್ತದೆ ಪ್ಯಾನ್ ಬಿಚ್ಚೋಕೆ ಜಾಗ ಇಲ್ಲ.

ಅದಾದ್ಮೇಲೆ ಕ್ರೋಮ್‌ಮೋಲಿ ಸ್ಟೀಲಿನ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಸ್ಟೀಲು) ರೋಲರ್ ರಾಕರ್ ಹಾಕಿದೆ. ಅಲ್ಯೂಮಿನಿಯಂಗಿಂತ ನನಗೆ 160 ಡಾಲರ್ ಜಾಸ್ತಿ ಬಿತ್ತು. ತೂಕ ಜಾಸ್ತಿ ಅಂತ ಹೆದರಿಸ್ತಾರೆ, ಆದ್ರೆ ಆ ತೂಕ ಬಹಳಷ್ಟು ತಿರುಗೋ ಪಿನ್ ಸುತ್ತಲೇ ಇರೋದ್ರಿಂದ ವಾಲ್ವ್ ಕಡೆಗೆ ಅದರ ಭಾರ ಅಷ್ಟಾಗಿ ತಟ್ಟಲ್ಲ. ನಾನು 5400 ಆರ್‌ಪಿಎಂ ಮೇಲೆ ಹೋಗೋದೂ ಇಲ್ಲ. ಇಲ್ಲಿವರೆಗೆ 200 ಗಂಟೆ ದಾಟಿದೆ, ಪ್ರತಿ ಚಳಿಗಾಲ ಬಿಚ್ಚಿ ನೋಡ್ತೀನಿ, ಬೇಜಾರಾಗುವಷ್ಟು ಚೆನ್ನಾಗಿದೆ.

ಇನ್ನು ಯಾರೂ ಮುಂಚೆ ಹೇಳದ ತಲೆನೋವು: ಟ್ಯಾಪೆಟ್ ಕವರ್. ರೋಲರ್ ರಾಕರ್ ಯಾವುದೇ ಇರ್ಲಿ, ಹಳೇ ರಾಕರಿಗಿಂತ ಎತ್ತರ, ಅದರ ಮೇಲೆ ಲಾಕ್ ನಟ್ ಬೇರೆ ತಲೆ ಎತ್ಕೊಂಡು ನಿಂತಿರತ್ತೆ. ಹಳೇ ಕವರ್ ಕೂರಿಸಿದ್ರೆ ಒಳಗೆ ಟಕ ಟಕ. ಅಲ್ಯೂಮಿನಿಯಂ ಹಾಕಿದಾಗ ನಾನು ಬುದ್ಧಿವಂತ ಅಂದ್ಕೊಂಡು ಕಾರ್ಕ್ ಪ್ಯಾಕಿಂಗ್ ಎರಡು ಒಂದರ ಮೇಲೊಂದು ಇಟ್ಟು ಎತ್ತರ ಮಾಡಿದೆ. ಎರಡು ಪ್ಯಾಕಿಂಗ್ ಇಟ್ರೆ ಬೋಲ್ಟ್ ಎಷ್ಟು ಬಿಗಿ ಮಾಡಿದ್ರೂ ಒಂದರ ಮೇಲೊಂದು ಜಾರತ್ತೆ, ಜಾರಿದಲ್ಲಿ ಎಣ್ಣೆ ಜಿನುಗತ್ತೆ, ಜಿನುಗಿದ್ದು ಬೋಟಿನ ತಳಕ್ಕೆ ಹೋಗತ್ತೆ, ಬಿಲ್ಜ್ ಪಂಪ್ ಅದನ್ನ ಕೆರೆಗೆ ಬಿಡತ್ತೆ, ನೀರ ಮೇಲೆ ಕಾಮನಬಿಲ್ಲು. ಈ ದೇಶದಲ್ಲಿ ನೀರ ಮೇಲೆ ಎಣ್ಣೆ ಹೊಳಪು ಕಂಡ್ರೆ ದಂಡ ಹಾಕಬಹುದು. ಎರಡು ಬೇಸಿಗೆ ಬಿಲ್ಜಲ್ಲಿ ಎಣ್ಣೆ ಹೀರೋ ಬಟ್ಟೆ ಹಾಸ್ಕೊಂಡೇ ಓಡಾಡಿದೆ.

ಸ್ಟೀಲ್ ರಾಕರ್ ಮೈ ಸ್ವಲ್ಪ ಸಣ್ಣ, ಅದಕ್ಕೆ ಈ ಸಲ ಒಂದೇ ಪ್ಯಾಕಿಂಗಲ್ಲಿ ಆಗತ್ತೆ ಅಂತ ಆಸೆ ಇತ್ತು. ಮಗಳ ಆಟದ ಜೇಡಿ ಹಿಟ್ಟು ತಗೊಂಡು ಹದಿನಾರೂ ಲಾಕ್ ನಟ್ ಮೇಲೆ ಒಂದೊಂದು ಗುಲಾಬಿ ಉಂಡೆ ಇಟ್ಟು, ಕವರ್ ಕೂರಿಸಿ, ಇಂಜಿನ್ ಕೈಯಲ್ಲಿ ಎರಡು ಸುತ್ತು ತಿರುಗಿಸಿ ತೆಗೆದು ನೋಡಿದ್ರೆ ಹನ್ನೆರಡು ಉಂಡೆ ಸರಿ ಇದೆ, ನಾಲ್ಕು ಚಪ್ಪಟೆ. ನಾಲ್ಕೂ ಕವರ್ ಒಳಗಿನ ತಗಡಿಗೆ ತಾಗ್ತಿವೆ. ಆ ತಗಡನ್ನ ಕತ್ತರಿಸಿ ಎಸೆದೆ. ಅದು ಸುಮ್ನೆ ಇದ್ದ ತಗಡಲ್ಲ ಅಂತ ಆಮೇಲೆ ಗೊತ್ತಾಯ್ತು, ಎಣ್ಣೆ ಹನಿ ಉಸಿರಾಟದ ಪೈಪಿಗೆ ಹೋಗದ ಹಾಗೆ ತಡೆಯೋದು ಅದೇ. ಒಂದೇ ತಿಂಗಳಲ್ಲಿ ಮೇಲಿನ ಫ್ಲೇಮ್ ಅರೆಸ್ಟರ್ (ಇಂಜಿನ್ ಗಾಳಿ ಎಳ್ಕೊಳ್ಳೋ ಬಾಯಿಗಿರೋ, ಬೆಂಕಿ ತಡೆಯೋ ಜಾಲರಿ) ಎಣ್ಣೆಲಿ ಮುಳುಗಿಸಿ ತೆಗೆದ ಹಾಗಾಯ್ತು.

ಕೊನೆಗೆ ಎತ್ತರದ, ಒಳಗೆ ತಗಡು ಇರೋ ಕವರ್ ತಗೊಂಡೆ. ಅದು ಕೂತ್ಕೊಂತು, ಆದ್ರೆ ಎಡಗಡೆ ಕೆಳಗಿನ ಸಾಲಿನ ಬೋಲ್ಟಿಗೂ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ಮಧ್ಯ ನನ್ನ ಬೆರಳೇ ಹೋಗಲ್ಲ, ಸ್ಪ್ಯಾನರ್ ಎಲ್ಲಿ ಹೋಗ್ಬೇಕು. ಬೋಲ್ಟ್ ಬಿಟ್ಟು ಸ್ಟಡ್ ಹಾಕಿ, ಒಂದು ಹತ್ತು ರೂಪಾಯಿ ಸಾಮಾನಿನಂಥ ರಿಂಗ್ ಸ್ಪ್ಯಾನರನ್ನ ಅರ್ಧಕ್ಕೆ ಕೊಯ್ದು ಬಗ್ಗಿಸಿ, ಅದರಲ್ಲೇ ಬಿಗಿ ಮಾಡ್ತೀನಿ. ಅದು ಕಳೆದು ಹೋದ್ರೆ ಬೋಟ್ ಮಾರಬೇಕು. ರಾಕರ್ ಆರ್ಡರ್ ಮಾಡೋ ಮುಂಚೆ ಕವರಿನ ಎತ್ತರ ಅಳೀರಿ, ಕವರಿನ ದುಡ್ಡನ್ನೂ ರಾಕರ್ ಲೆಕ್ಕಕ್ಕೇ ಸೇರಿಸಿ.

ಲಿಫ್ಟರ್ (ಕ್ಯಾಮ್ ಉಬ್ಬಿನ ಮೇಲೆ ಓಡಿ, ರಾಕರನ್ನ ತಳ್ಳೋ ಕಡ್ಡಿಯನ್ನ ಎತ್ತೋ ಭಾಗ) ವಿಷಯದಲ್ಲಿ ಹೈಡ್ರಾಲಿಕ್ ರೋಲರ್ ಸಾಕು, ಅದು ಎಣ್ಣೆ ಒತ್ತಡದಲ್ಲಿ ಸಂದನ್ನ ತಾನೇ ಸರಿಮಾಡ್ಕೊಳತ್ತೆ; ಸಾಲಿಡ್ ಆದ್ರೆ ಸಂದು ಕೈಯಲ್ಲೇ ಅಳೆದು ಸೆಟ್ ಮಾಡ್ಬೇಕು. ಪಕ್ಕದ ಡಾಕಿನ ಒಬ್ಬ ಹಿರಿಯರ ಬೋಟಲ್ಲಿ ಸಾಲಿಡ್ ರೋಲರ್ ಇತ್ತು, ಒಂದು ಸೀಸನ್‌ನಲ್ಲಿ ಮೂರು ಸಲ ಅವರ ಜೊತೆ ಕೂತು ಫೀಲರ್ ಗೇಜ್ ಹಿಡಿದು ಟ್ಯಾಪೆಟ್ ಸೆಟ್ಟಿಂಗ್ ಮಾಡಿದ್ದೀನಿ, ಕಾಫಿ ಚೆನ್ನಾಗಿತ್ತು, ಸೊಂಟ ಹೋಯ್ತು. ಮೇಲಾಗಿ ಡಾಕ್ ಹತ್ರ ಎಲ್ಲ ಐಡಲ್‌ನಲ್ಲೇ ಹೋಗ್ಬೇಕು, ಐಡಲ್‌ನಲ್ಲಿ ಕ್ರ್ಯಾಂಕ್ ಎರಚೋ ಎಣ್ಣೆ ಕಮ್ಮಿ, ಸಾಲಿಡ್ ರೋಲರಿನ ಗಟ್ಟಿ ಸ್ಪ್ರಿಂಗ್ ಮಾತ್ರ ಒತ್ತೋದನ್ನ ಕಮ್ಮಿ ಮಾಡಲ್ಲ. ಅವರ ಒಂದು ಲಿಫ್ಟರಿನ ಚಕ್ರ ತಿರುಗದೆ ಬಿಗಿ ಹಿಡ್ಕೊಂಡು ಕ್ಯಾಮಿನ ಉಬ್ಬನ್ನೇ ಕೆರೆದು ಹಾಕ್ತು. ಸಾಲಿಡ್ ಬೇಕೇ ಬೇಕು ಅನ್ನೋರು ಸೂಜಿ ಬೇರಿಂಗ್ ಬಿಟ್ಟು ಬುಶ್ ಇರೋದು, ಪಿನ್ನಿಗೆ ಪ್ರೆಶರ್ ಎಣ್ಣೆ ಬರೋದು ತಗೊಳ್ಳಿ.

ಎಕ್ಸಾಸ್ಟ್ ವಾಲ್ವ್: ಹೆಡ್ ಹೇಗೂ ಬಿಚ್ಚಿದ್ದೆ ಅಂತ ಇಂಕೊನೆಲ್ ಹಾಕಿಸಿದೆ. ನಿಕ್ಕಲ್ ಜಾಸ್ತಿ ಇರೋ ಲೋಹ, ಕೆಂಪಗೆ ಕಾದ್ರೂ ಗಟ್ಟಿತನ ಬಿಡಲ್ಲ. ಇನ್ನೊಂದು ಕಾರಣ, ಬೋಟಿನ ಎಕ್ಸಾಸ್ಟಿಗೆ ತಣ್ಣಗಾಗ್ಲಿ ಅಂತ ನೀರು ಸೇರಿಸ್ತಾರೆ, ದೊಡ್ಡ ಕ್ಯಾಮ್ ಹಾಕಿದ್ರೆ ಐಡಲ್‌ನಲ್ಲಿ ಆ ನೀರನ್ನ ಇಂಜಿನ್ ವಾಪಸ್ ಎಳ್ಕೊಂಡು ವಾಲ್ವು ಸೀಟು ಎಲ್ಲ ತುಕ್ಕು. ಅದಕ್ಕೇ ಕ್ಯಾಮ್ ಆರಿಸುವಾಗ ಎರಡೂ ವಾಲ್ವ್ ಒಟ್ಟಿಗೆ ತೆರೆದಿರೋ ಹೊತ್ತು ಕಮ್ಮಿ ಇರೋದನ್ನ ತಗೊಂಡೆ. ಸಿಹಿ ನೀರಲ್ಲಿ ಹೀಗೆ, ಗಂಗೊಳ್ಳಿ ಉಪ್ಪು ನೀರಲ್ಲಿ ಕಥೆ ಬೇರೆ ಇರ್ತಿತ್ತು.

ಪುಶ್ ರಾಡ್ (ಲಿಫ್ಟರಿಂದ ರಾಕರಿಗೆ ತಳ್ಳೋ ಕಡ್ಡಿ): ಬಿಗ್ ಬ್ಲಾಕಲ್ಲಿ ಎಕ್ಸಾಸ್ಟಿಂದು ಇನ್‌ಟೇಕಿಗಿಂತ ಹತ್ತಿರ ಹತ್ತಿರ ಒಂದಿಂಚು ಉದ್ದ, ಅದಲು ಬದಲು ಮಾಡ್ಬೇಡಿ. ರಾಕರ್ ಬದಲಾದ್ರೆ ಉದ್ದ ಮತ್ತೆ ಅಳೀರಿ.

ಸ್ಪ್ರಿಂಗ್: ಎರಡು ವರ್ಷಕ್ಕೊಮ್ಮೆ ಬದಲಾಯಿಸ್ತೀನಿ, ವಾದ ಇಲ್ಲ.

ಶಾಫ್ಟ್ ರಾಕರ್ (ಒಂದೊಂದು ಸ್ಟಡ್ ಬದಲು ದಂಡದ ಮೇಲೆ ಕೂರೋದು) ಇನ್ನೂ ಗಟ್ಟಿ ಅಂತ ಗೊತ್ತು, ಅದರ ರೇಟಿಗೆ ನಾನು ಊರಿಗೆ ಹೋಗಿ ಬರ್ತೀನಿ. ವರ್ಷಕ್ಕೆ 60 ಗಂಟೆ ಓಡಿಸೋನು, ಕೆಲಸ ನಾನೇ ಮಾಡ್ಕೊಳ್ಳೋನು, ನನಗೆ ಕ್ರೋಮ್‌ಮೋಲಿ ರಾಕರ್, ಹೈಡ್ರಾಲಿಕ್ ರೋಲರ್, ಇಂಕೊನೆಲ್ ಎಕ್ಸಾಸ್ಟ್ ಇಷ್ಟರಲ್ಲಿ ನೆಮ್ಮದಿ. ನಿಮ್ಮದು ಬರೀ ಡ್ರ್ಯಾಗ್ ಬೋಟ್ ಆದ್ರೆ ಅಲ್ಯೂಮಿನಿಯಂ ಹಾಕ್ಕೊಳ್ಳಿ, ಪ್ರತಿ ಸೀಸನ್ ಬಿಸಾಕಿ.

ಎಡಗಡೆ ಕವರ್ ಮತ್ತೆ ಸ್ವಲ್ಪ ಜಿನುಗ್ತಿದೆ. ರಬ್ಬರ್ ಪ್ಯಾಕಿಂಗ್ ತರಿಸಿಟ್ಟಿದ್ದೀನಿ, ಆ ಬಗ್ಗಿಸಿದ ಸ್ಪ್ಯಾನರ್ ಎಲ್ಲಿಟ್ಟೆ ಅಂತ ಹುಡುಕ್ತಾ ಇದ್ದೀನಿ.